ದಾಂಡು ಮತ್ತು ದಾಳ

ಪಗಡೆಗೆ ರಾಜ್ಯವನ್ನೇ ಒಡ್ಡಿದ ಕಥೆಯನ್ನು ತರಗತಿಗಳಲ್ಲಿ ದಶಕಗಳ ಕಾಲ ಪಾಠ ಹೇಳಿದವನು ನಾನು. ಅಮೆರಿಕದ ಬೇಸ್‌ಬಾಲ್ ಚರಿತ್ರೆಯನ್ನು ಓದುವಾಗಲೂ ಆ ಸಭೆಯೇ ಕಣ್ಮುಂದೆ ನಿಲ್ಲುತ್ತದೆ.

1919ರ ವಿಶ್ವ ಸರಣಿಯಲ್ಲಿ ಷಿಕಾಗೊ ತಂಡದವರು ಜೂಜುಕೋರರ ಹಣಕ್ಕಾಗಿ ಸೋತರೆಂಬ ಆರೋಪ ಬಂದಿತು. ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗದಿದ್ದರೂ, 1921ರಲ್ಲಿ ಆಯುಕ್ತ ಲ್ಯಾಂಡಿಸ್ ಎಂಟು ಮಂದಿಯನ್ನು ಆಜೀವ ಬಹಿಷ್ಕರಿಸಿದರು. ಮುರಿದ ವಿಶ್ವಾಸವನ್ನು ಕೂಡಿಸಿದ್ದರಲ್ಲಿ ಬೇಬ್ ರೂತ್ ಅವರ ದಾಂಡಿನ ಪಾಲು ದೊಡ್ಡದು. ಚೆಂಡನ್ನು ಬೇಲಿಯಾಚೆ ಅಟ್ಟುವ ಹೋಂ ರನ್‌ಗಳನ್ನು ಅವರು 1920ರಲ್ಲಿ 54, 1927ರಲ್ಲಿ 60 ಬಾರಿಸಿದರು. ಅವರ 714ರ ಒಟ್ಟು ದಾಖಲೆಯನ್ನು 1974ರಲ್ಲಿ ಹ್ಯಾಂಕ್ ಆರನ್ ಮೀರಿದರು.

2018ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕ್ರೀಡಾ ಜೂಜಿಗಿದ್ದ ಕೇಂದ್ರದ ತಡೆಯನ್ನು ತೆಗೆಯಿತು. ಈಗ ಹೋಂ ರನ್ ಯಾರು ಹೊಡೆಯುವರೆಂಬುದಕ್ಕೂ ಪಣವುಂಟು. ಧರ್ಮರಾಯ ಸೋತು ತಲೆ ತಗ್ಗಿಸಿದ. ಇಂದಿನ ಪಣಗಾರ ಸೋತರೆ ದಾಂಡಿಗನನ್ನು ಶಪಿಸುತ್ತಾನೆ. ಗೆಲುವು ಯಾರದೇ ಇರಲಿ, ಒಡ್ಡಿರುವುದು ಮತ್ತೆ ಆಟದ ಮೇಲಿನ ನಂಬಿಕೆಯನ್ನೇ.