ಕೋಲು ಹಿಡಿಯದ ಗುರು



1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಇಟಲಿಯ ಟ್ಯೂರಿನ್ ನಗರದ ದೇವಾಲಯವೊಂದರಲ್ಲಿ, ಪೂಜೆಗೆ ಸಹಾಯ ಮಾಡಲು ಬಾರದೆಂದ ಅನಾಥ ಹುಡುಗ ಬಾರ್ತೊಲೊಮಿಯೊ ಗರೆಲ್ಲಿಯನ್ನು ಅಲ್ಲಿಯ ಸೇವಕ ಹೊಡೆದು ಹೊರಗಟ್ಟಿದ. ಅದೇ ವರ್ಷ ಗುರುದೀಕ್ಷೆ ಪಡೆದಿದ್ದ ಸಂತ ಜಾನ್ ಬೋಸ್ಕೊ, ಅವನು ತಮ್ಮ ಗೆಳೆಯನೆಂದು ಹೇಳಿ ಮರಳಿ ಕರೆಸಿದರು. ಪೂಜೆಯ ನಂತರ ಅಕ್ಕರೆಯಿಂದ ಮಾತನಾಡಿಸಿ ಶಿಲುಬೆಯ ಗುರುತು ಕಲಿಸಿದರು.

1877ರಲ್ಲಿ ಅವರು ಬರೆದಿಟ್ಟ ಶಿಕ್ಷಣ ಪದ್ಧತಿಗೆ ವಿವೇಕ, ಧರ್ಮಶ್ರದ್ಧೆ, ಅಕ್ಕರೆ ಎಂಬ ಮೂರೇ ಕಂಬಗಳು. ತಪ್ಪಾದ ಮೇಲೆ ದಂಡಿಸುವುದಕ್ಕಿಂತ, ತಪ್ಪಾಗದಂತೆ ಮಕ್ಕಳ ಜೊತೆಗಿರುವುದೇ ಅದರ ತಿರುಳು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರಿಗೆ ತಿಳಿಯಬೇಕೆಂದು 1884ರ ಪತ್ರದಲ್ಲಿ ನೆನಪಿಸಿದರು.

ಜಪ ತಪ್ಪಿದ ಮಗುವಿನ ಕಿವಿ ಹಿಂಡಿದವರಲ್ಲಿ ಗುರುಗಳಾದ ನಾವೂ ಇದ್ದೇವೆ. ಜನವರಿ 31 ಈ ಸಂತರ ಹಬ್ಬ. ಅಂದು ಜಪಮಾಲೆಗೆ ಕೂರುವ ಮೊದಲು, ನಾವು ಹೊಡೆದ ಮಗುವನ್ನು ಹತ್ತಿರ ಕರೆಯೋಣ.