ಮೆತ್ತನೆ ಬ್ರೇಕ್ (ಘಟ್ಟ ಇಳಿದ ವಾಹನಗಳಲ್ಲಿ)

ಪೆಡಲ್ ತುಳಿದಾಗ ಗಟ್ಟಿ ತಡೆ ಸಿಗದೆ, ನೆನೆದ ಹತ್ತಿಯ ಮೇಲೆ ಕಾಲಿಟ್ಟಂತೆ ಕುಸಿಯುವುದನ್ನು ಮೆತ್ತನೆ ಬ್ರೇಕ್ ಎನ್ನುತ್ತಾರೆ. ಬೇಲೂರಿನ ಸುತ್ತಿನ ರಸ್ತೆಗಳಲ್ಲಿ ಇದಕ್ಕೆ ಆಸ್ಪದ ಹೆಚ್ಚು. ರಾಷ್ಟ್ರೀಯ ಹೆದ್ದಾರಿ 73 ಅರಸೀಕೆರೆ, ಹಳೇಬೀಡು, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಟ್ಟ ಇಳಿಯುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇಳಿದು ಚಿಕ್ಕಮಗಳೂರಿನ ಮೇಲೆ ಬೇಲೂರಿನ ಚೆನ್ನಕೇಶವ ದೇಗುಲಕ್ಕೆ ಬರುವ ಕಾರುಗಳೂ ಬಹಳ.

ಮೂಲ ಕಾರಣ ಬ್ರೇಕ್ ಆಯಿಲ್‌ನಲ್ಲಿದೆ. ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಮಲೆನಾಡಿನ ಮಳೆಗಾಲ ಅದಕ್ಕೆ ಸುಗ್ಗಿ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230ರಿಂದ 155ಕ್ಕೆ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಡಿಸ್ಕ್‌ನ ಕಾವು ಕ್ಯಾಲಿಪರ್‌ಗೆ ಏರಿ ಆಯಿಲ್ ಕುದಿಯುತ್ತದೆ. ದ್ರವ ಒತ್ತಿದರೆ ಕುಗ್ಗದು, ಆವಿಯ ಗುಳ್ಳೆ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಗೇ ಹೋಗಿ ಚಕ್ರಕ್ಕೆ ತಲುಪುವುದಿಲ್ಲ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಅದು ಬೇರೆ ತೊಂದರೆ: ಪ್ಯಾಡ್ ಅಥವಾ ಲೈನಿಂಗ್ ಕಾದು ಹಿಡಿತ ಬಿಟ್ಟಿದೆ.

ದಾರಿಯಲ್ಲೇ ಹೀಗಾದರೆ ಪೆಡಲನ್ನು ಬೇಗಬೇಗ ಪಂಪ್ ಮಾಡಿ, ಗೇರ್ ಇಳಿಸುತ್ತ ವೇಗ ತಗ್ಗಿಸಿ, ಬದಿಗೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು. ಕಾದ ಡಿಸ್ಕ್‌ಗೆ ನೀರು ಎರಚಬಾರದು, ಸೀಳು ಬಿಡಬಹುದು. ಅರ್ಧ ಗಂಟೆ ಆರಿದ ಮೇಲೆ ಪೆಡಲ್ ಗಟ್ಟಿಯಾದರೆ ಆಯಿಲ್ ಕುದಿದಿತ್ತೆಂದು ಬಹುಮಟ್ಟಿಗೆ ಹೇಳಬಹುದು. ಇಲ್ಲೇ ಹೆಚ್ಚಿನವರು ಮೋಸಹೋಗುವುದು. ಪೆಡಲ್ ಸರಿಹೋಯಿತೆಂದು ಹೊರಡುತ್ತಾರೆ, ಆದರೆ ನೀರು ಆಯಿಲ್‌ನಲ್ಲೇ ಉಳಿದಿರುತ್ತದೆ, ಮುಂದಿನ ಇಳಿಜಾರಿನಲ್ಲಿ ಮತ್ತೆ ಕುದಿಯುತ್ತದೆ.

ಆರಿದ ಮೇಲೂ ಮೆತ್ತಗಿದ್ದರೆ ಪೈಪಿಗೆ ಏರ್ ಹಿಡಿದಿರಬಹುದು. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿದೆ, ಇಲ್ಲವೇ ಹೊರಗೆಲ್ಲೋ ಸೋರಿಕೆ ಇದೆ. ಚಕ್ರಗಳ ಒಳಬದಿಯಲ್ಲಿ ಒದ್ದೆ ಕಂಡರೆ ಗಾಡಿ ಕದಲಿಸಬಾರದು.

ಪರಿಹಾರವೆಂದರೆ ಹಳೆ ಆಯಿಲ್ ಪೂರ್ತಿ ತೆಗೆದು, ಹೊಸದು ತುಂಬಿ, ಏರ್ ತೆಗೆಸುವುದು. ಒಬ್ಬರು ಪೆಡಲ್ ತುಳಿದು ಹಿಡಿಯುತ್ತಾರೆ, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಸಡಿಲಿಸುತ್ತಾರೆ. ಪಾರದರ್ಶಕ ಟ್ಯೂಬಿನಲ್ಲಿ ಮೊದಲು ಡಿಕಾಕ್ಷನ್ ಬಣ್ಣದ ಆಯಿಲ್, ನಡುನಡುವೆ ಗುಳ್ಳೆ, ಕೊನೆಗೆ ತಿಳಿಯಾದ ಧಾರೆ ಬರುತ್ತದೆ. ಎಬಿಎಸ್ ಇರುವ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಬೇಕು. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲನ್ನೇ ಹಾಕಬೇಕು.

ಹತ್ತುವಾಗ ಬೇಕಾದ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಮಾಡಬೇಡಿ. ಬ್ರೇಕ್ ಆಯಿಲ್ ಹಾಕಿಸಿ ಎರಡು ವರ್ಷವಾಗಿದ್ದರೆ ಘಟ್ಟಕ್ಕೆ ಹೊರಡುವ ಮೊದಲೇ ಬದಲಿಸಿ.