ಆಡಿದ ಮಾತು, ವರದಿಯಾದ ಮಾತು: ಮಂಡ್ಯ ಸೀಮೆಯಲ್ಲಿ ಒಂದು ಇಂಗ್ಲಿಷ್ ವ್ಯಾಕರಣಪಾಠದ ಚರಿತ್ರೆ

ಒಬ್ಬರು ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಇಟ್ಟು ಬರೆದರೆ ಅದು ಡೈರೆಕ್ಟ್ ಸ್ಪೀಚ್. ಅದೇ ಮಾತನ್ನು ಇನ್ನೊಬ್ಬರು ತಮ್ಮ ವಾಕ್ಯದೊಳಗೆ ಸೇರಿಸಿಕೊಂಡು ಹೇಳಿದರೆ ಇನ್‌ಡೈರೆಕ್ಟ್ ಸ್ಪೀಚ್. ಒಂದನ್ನು ಇನ್ನೊಂದಾಗಿ ಬದಲಿಸುವ ಅಭ್ಯಾಸ ಕರ್ನಾಟಕದ ಹೈಸ್ಕೂಲು, ಪಿಯುಸಿ ತರಗತಿಗಳ ಇಂಗ್ಲಿಷ್ ವ್ಯಾಕರಣದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ‘ಐ ಆಮ್ ಗೋಯಿಂಗ್ ಟು ಮೇಲುಕೋಟೆ ಟುಮಾರೋ’ ಎಂಬ ಮಾತು ‘ಹೀ ಸೆಡ್ ದಟ್ ಹೀ ವಾಸ್ ಗೋಯಿಂಗ್ ಟು ಮೇಲುಕೋಟೆ ದ ನೆಕ್ಸ್ಟ್ ಡೇ’ ಎಂದಾಗುವಾಗ ಸರ್ವನಾಮ, ಕಾಲ, ದಿನ ಸೂಚಿಸುವ ಪದ ಮೂರೂ ಬದಲಾಗುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಮಕ್ಕಳು ಈ ಪಾಠದಲ್ಲಿ ಎಡವುವುದನ್ನು ಹಳ್ಳಿಶಾಲೆಯ ಕೊರತೆಯೆಂದೋ ಮಕ್ಕಳ ಅಸಡ್ಡೆಯೆಂದೋ ತಳ್ಳಿಹಾಕುವವರಿದ್ದಾರೆ. ಈ ಪಾಠದ ಚರಿತ್ರೆಯನ್ನು ಈ ನೆಲದಲ್ಲೇ ಹಿಂಬಾಲಿಸಿದರೆ ಬೇರೆಯದೇ ಕಾರಣ ಕಾಣುತ್ತದೆ. ಆಡಿದ ಮಾತನ್ನು ವರದಿ ಮಾಡುವ ಸೊಗಸಾದ, ಖಚಿತವಾದ ಪದ್ಧತಿಯೊಂದು ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಇಂಗ್ಲಿಷಿನ ಪದ್ಧತಿ ಅದಕ್ಕಿಂತ ಎಲ್ಲಿ ಬೇರೆ ಎಂಬುದನ್ನು ಮಾತ್ರ ಪಠ್ಯಪುಸ್ತಕ ಮಗುವಿಗೆ ಹೇಳದೆ ಉಳಿಯಿತು.

ಶಾಲೆಗಳು ಬರುವ ಮೊದಲೇ ಈ ಕೆಲಸ ಇಲ್ಲಿ ನಡೆದಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಕಂಪನಿ ಸೇನೆಯ ವಶವಾಯಿತು. ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ. ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳು ಅವನ ದಾರಿಯಲ್ಲಿದ್ದವು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸಕಥನದ ಬಹುಭಾಗ ಪರರ ಮಾತಿನ ವರದಿಯೇ. ಯಾವ ಭೂಮಿಗೆ ಎಷ್ಟು ಬಿತ್ತನೆ, ಕೆರೆ ನೀರು ಎಷ್ಟು ಗದ್ದೆಗೆ, ಆಳಿಗೆ ಏನು ಕೂಲಿ ಎಂದು ಅವನು ಕೇಳುತ್ತಿದ್ದ. ರೈತರು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಅದು ದುಭಾಷಿಯ ಬಾಯಿಂದ ಇಂಗ್ಲಿಷಾಗಿ ಅವನ ಬರಹಕ್ಕೆ ಇಳಿಯುತ್ತಿತ್ತು. ಹೇಳಿದವರು ಯಾರು, ಆ ಮಾತನ್ನು ತಾನು ನಂಬಬಹುದೇ ಎಂಬುದನ್ನೂ ಅವನು ಅನೇಕ ಕಡೆ ಜೊತೆಗೇ ಬರೆದ. ರೈತರು ಹೀಗೆ ‘ಹೇಳುತ್ತಾರೆ’ ಎಂದು ವರ್ತಮಾನದಲ್ಲಿ ಬರೆದ ಕಡೆ ಒಳಗಿನ ಕ್ರಿಯಾಪದದ ಕಾಲ ಹಿಂದೆ ಸರಿಯುವುದಿಲ್ಲ. ಇಂಗ್ಲಿಷಿನಲ್ಲಿ ಕಾಲ ಬದಲಾಗುವುದು ಬರಿಯ ಸೂತ್ರದ ಬಲದಿಂದಲ್ಲ, ವರದಿಗಾರ ನಿಂತ ಜಾಗದಿಂದ ಎಂಬುದಕ್ಕೆ ಈ ಸೀಮೆಯ ರೈತರ ಮಾತೇ ಇನ್ನೂರು ವರ್ಷದ ಹಿಂದೆ ಸಾಕ್ಷಿಯಾಗಿತ್ತು. 1831ರಿಂದ 1881ರವರೆಗಿನ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿ ಇದೇ ಕೆಲಸ ಕಚೇರಿಯ ದಿನಚರಿಯಾಯಿತು. ತಾಲ್ಲೂಕಿನಲ್ಲಿ ಬಾಯ್ಮಾತಿನಲ್ಲಿ ಕೊಟ್ಟ ದೂರು, ಹೇಳಿಕೆ ಮೇಲಿನ ಕಚೇರಿ ತಲುಪುವ ಹೊತ್ತಿಗೆ ಇಂಗ್ಲಿಷಿನ ಪರೋಕ್ಷ ವಾಕ್ಯವಾಗಿರಬೇಕಿತ್ತು.

ಶಾಲೆಗೆ ಬಂದ ಪಾಠದ ಮೂಲ ಬೇರೆ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು. 1857ರಲ್ಲಿ ಸಂಸ್ಥಾನಕ್ಕೆ ವಿದ್ಯಾ ಇಲಾಖೆ ಬಂತು. 1868ರ ಹೋಬಳಿ ಶಾಲೆಗಳ ಯೋಜನೆ ಕನ್ನಡ ಓದುಬರಹವನ್ನು ಹಳ್ಳಿಗಳಿಗೆ ಒಯ್ದಿತು, ಇಂಗ್ಲಿಷ್ ಮಾತ್ರ ಪಟ್ಟಣದ ಶಾಲೆಗಳಲ್ಲಿ ಉಳಿಯಿತು. ಅಲ್ಲಿ ಓದಿಸುತ್ತಿದ್ದ ವ್ಯಾಕರಣದ ಹಿಂದೆ ಇಂಗ್ಲೆಂಡಿನ ಲ್ಯಾಟಿನ್ ತರಗತಿಯ ನೆರಳಿತ್ತು. ಸೀಸರನ ಗ್ರಂಥದ ಭಾಷಣಗಳನ್ನು ನೇರ ರೂಪದಿಂದ ಪರೋಕ್ಷಕ್ಕೆ, ಪರೋಕ್ಷದಿಂದ ನೇರಕ್ಕೆ ತಿರುಗಿಸುವುದು ಅಲ್ಲಿನ ಹುಡುಗರ ನಿತ್ಯದ ಸಾಧನೆಯಾಗಿತ್ತು. ಲ್ಯಾಟಿನ್ನಿನಲ್ಲಿ ಹಾಗೆ ತಿರುಗಿಸುವಾಗ ಕ್ರಿಯಾಪದದ ರೂಪವೇ ಬೇರೆಯಾಗುವುದರಿಂದ ಆ ಅಭ್ಯಾಸಕ್ಕೆ ಅರ್ಥವಿತ್ತು. ಅದೇ ಅಚ್ಚನ್ನು ಇಂಗ್ಲಿಷಿಗೆ ಇಳಿಸಿ ಭಾರತದ ಶಾಲೆಗಳಿಗೆ ಹಂಚಿದವರಲ್ಲಿ ಜೆ.ಸಿ. ನೆಸ್‌ಫೀಲ್ಡ್ ಪ್ರಮುಖ. 1890ರ ದಶಕದಿಂದ ಹಬ್ಬಿದ ಅವನ ವ್ಯಾಕರಣಗಳಲ್ಲಿ ಈ ಅಧ್ಯಾಯಕ್ಕೆ ‘ನರೇಶನ್’ ಎಂಬ ಹೆಸರು. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಪುಸ್ತಕ ಅದನ್ನು ‘ಸ್ಪೀಚ್’ ಎಂದಿತು. ಅಭ್ಯಾಸದ ಸ್ವರೂಪ ಬದಲಾಗಲಿಲ್ಲ. ‘ನೌ’ ಇದ್ದದ್ದು ‘ದೆನ್’, ‘ದಿಸ್’ ಇದ್ದದ್ದು ‘ದಟ್’ ಎಂಬ ಎರಡು ಕಾಲಂನ ಪಟ್ಟಿ ಮಕ್ಕಳ ನೋಟ್ಸಿಗೆ ಇಳಿದದ್ದು ಈ ಪರಂಪರೆಯಿಂದ.

ಈಗ ಕನ್ನಡದ ಕಡೆ ನೋಡೋಣ. ಮೇಲುಕೋಟೆಯ ವೈರಮುಡಿ ಉತ್ಸವದ ಹಿಂದಿನ ದಿನ ನಾಗಮಂಗಲದ ಹುಡುಗನೊಬ್ಬ ‘ನಾಳೆ ವೈರಮುಡಿಗೆ ಹೋಯ್ತೀನಿ’ ಎಂದನೆನ್ನಿ. ಅವನ ಅಣ್ಣ ಅದನ್ನು ಮನೆಯಲ್ಲಿ ‘ನಾಳೆ ವೈರಮುಡಿಗೆ ಹೋಯ್ತೀನಿ ಅಂದ’ ಎಂದೇ ಹೇಳುತ್ತಾನೆ. ಮಾತು ಇದ್ದಂತೆಯೇ ಇದೆ, ಕೊನೆಗೆ ‘ಅಂದ’ ಸೇರಿತು, ಅಷ್ಟೆ. ಬರಹದ ‘ಎಂದು’ ಮಾಡುವುದೂ ಇದನ್ನೇ. ಸಂಸ್ಕೃತದ ‘ಇತಿ’ಯ ಹೆಚ್ಚಿನ ಬಳಕೆಯೂ ಹೀಗೆಯೇ. 1854ರಲ್ಲಿ ಆರಂಭವಾದ ಮೇಲುಕೋಟೆಯ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೂ, ಹೊಲದಲ್ಲಿ ಕೆಲಸ ಮಾಡಿದವನಿಗೂ, ವರದಿ ಎಂದರೆ ಆಡಿದವನ ಮಾತನ್ನು ಕೆಡಿಸದೆ ಒಪ್ಪಿಸುವುದು. ಹಾಗೆಂದು ಕನ್ನಡಕ್ಕೆ ಪರೋಕ್ಷ ರೂಪವೇ ಇಲ್ಲ ಎನ್ನುವಂತಿಲ್ಲ. ‘ತಾನು ಬರುತ್ತೇನೆ ಎಂದ’ ಎಂಬಲ್ಲಿ ಕರ್ತೃಪದ ‘ತಾನು’ ಆಗಿ ವರದಿಗಾರನ ಕಡೆ ಸರಿದಿದೆ, ಕ್ರಿಯಾಪದ ‘ಬರುತ್ತೇನೆ’ ಆಗಿ ಮಾತಾಡಿದವನ ಬಾಯಲ್ಲೇ ನಿಂತಿದೆ. ಅರ್ಧ ನೇರ, ಅರ್ಧ ಪರೋಕ್ಷವಾದ ಇಂಥ ವಾಕ್ಯ ನಮಗೆ ವಿಚಿತ್ರವೆನಿಸುವುದೇ ಇಲ್ಲ. ಇನ್ನು ಪತ್ರಿಕೆಗಳ ‘ಮರುದಿನ ಬರುವುದಾಗಿ ಹೇಳಿದರು’ ಎಂಬುದು ಪೂರ್ತಿ ಪರೋಕ್ಷ: ‘ನಾಳೆ’ ‘ಮರುದಿನ’ವಾಯಿತು, ‘ನಾನು’ ಮಾಯವಾಯಿತು. ಆದರೆ ಇಲ್ಲೂ ‘ಬರುವುದು’ ಭೂತಕಾಲಕ್ಕೆ ಜಾರಲಿಲ್ಲ. ಕನ್ನಡ ಒಳಗಿನ ಮಾತಿನ ಕಾಲವನ್ನು ಎಣಿಸುವುದು ಆ ಮಾತು ಆಡಿದ ಗಳಿಗೆಯಿಂದ. ಇಂಗ್ಲಿಷ್ ಎಣಿಸುವುದು ಅದನ್ನು ಈಗ ಹೇಳುತ್ತಿರುವವನ ಗಳಿಗೆಯಿಂದ. ಪಾಠದ ಕಷ್ಟವೆಲ್ಲ ಹುಟ್ಟುವುದು ಇಲ್ಲಿ. ‘ಬರುವುದಾಗಿ’ ಎಂಬ ಬರವಣಿಗೆ ಇಂಗ್ಲಿಷ್ ಸುದ್ದಿಯ ಪ್ರಭಾವದಿಂದ ಬಲಿತದ್ದಲ್ಲವೇ ಎಂದು ಆಕ್ಷೇಪಿಸಬಹುದು. ಇರಬಹುದು. ಆ ಪ್ರಭಾವದ ನಡುವೆಯೂ ಕಾಲದ ವಿಷಯದಲ್ಲಿ ಕನ್ನಡ ಒಂದಿಷ್ಟೂ ಬಗ್ಗಲಿಲ್ಲ ಎಂಬುದು ಈ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಇದನ್ನು ಒಪ್ಪಿದರೆ ಮಕ್ಕಳ ತಪ್ಪುಗಳು ತಪ್ಪಿನಂತೆ ಕಾಣುವುದೇ ಕಡಿಮೆಯಾಗುತ್ತದೆ. ‘ಹೀ ಸೆಡ್ ದಟ್ ಐ ವಿಲ್ ಕಮ್’ ಎಂದು ಬರೆದ ಮಗು ‘ಬರುತ್ತೇನೆ ಎಂದ’ ಎಂಬುದನ್ನು ನಿಷ್ಠೆಯಿಂದ ಇಳಿಸಿದೆ. ‘ಹೀ ಟೋಲ್ಡ್ ದಟ್’ ಎಂದು ಬರೆದದ್ದಕ್ಕೂ ಕಾರಣವಿದೆ: ನಮ್ಮ ‘ಹೇಳಿದ’ ಎಂಬುದಕ್ಕೆ ಯಾರಿಗೆ ಎಂದು ಹೇಳಲೇಬೇಕೆಂಬ ಕಟ್ಟುಪಾಡಿಲ್ಲ. ‘ಹೀ ಆಸ್ಕ್‌ಡ್ ದಟ್ ವೇರ್ ಆರ್ ಯೂ ಗೋಯಿಂಗ್’ ಎಂಬಲ್ಲಿ ‘ಎಲ್ಲಿಗೆ ಹೋಗ್ತಿದ್ದೀಯ ಅಂತ ಕೇಳಿದ’ ಎಂಬುದರ ‘ಅಂತ’ವೇ ‘ದಟ್’ ಆಗಿದೆ. ವಿಷಾದದ ಸಂಗತಿಯೆಂದರೆ ಈ ಹೋಲಿಕೆ ಎಂದೋ ತಿಳಿದಿತ್ತು. ಇಂಗ್ಲಿಷರಿಗೆ ಕನ್ನಡ ಕಲಿಸಲೆಂದು ಥಾಮಸ್ ಹಾಡ್ಸನ್ 1859ರಲ್ಲಿ, ಹೆರಾಲ್ಡ್ ಸ್ಪೆನ್ಸರ್ 1914ರಲ್ಲಿ ಪ್ರಕಟಿಸಿದಂಥ ಮಿಷನರಿ ವ್ಯಾಕರಣಗಳು ‘ಎಂದು’ವಿನ ಬಳಕೆಯನ್ನು ವಿವರಿಸಲೇಬೇಕಿತ್ತು. ಕನ್ನಡ ಕಲಿಯುವ ಪಾದ್ರಿಗೆ ಸಿಕ್ಕ ಆ ಸಹಾಯ, ಇಂಗ್ಲಿಷ್ ಕಲಿಯುವ ಕೃಷ್ಣರಾಜಪೇಟೆಯ ಮಗುವಿಗೆ ನೆಸ್‌ಫೀಲ್ಡಿನಲ್ಲೂ ಸಿಗಲಿಲ್ಲ, ರೆನ್ ಮತ್ತು ಮಾರ್ಟಿನ್ನಿನಲ್ಲೂ ಸಿಗಲಿಲ್ಲ. ಆ ಪುಸ್ತಕಗಳು ಇಡೀ ದೇಶಕ್ಕೆ ಒಂದೇ ಆಗಿದ್ದವು. ಯಾವ ಒಂದು ದೇಶಭಾಷೆಯನ್ನೂ ಅವು ಗಮನಕ್ಕೆ ತಂದುಕೊಳ್ಳುವಂತಿರಲಿಲ್ಲ.

ಪರೀಕ್ಷೆ ಬರೆಯುವ ಮಗುವಿಗೆ ಬೇಕಾದ್ದು ಸೂತ್ರ, ಭಾಷಾಚಿಂತನೆಯಲ್ಲ ಎಂಬುದು ಶಿಕ್ಷಕರ ದೊಡ್ಡ ಆಕ್ಷೇಪಣೆ. ಐವತ್ತು ಅರವತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುವವರ ಈ ಮಾತಿಗೆ ತೂಕವಿದೆ, ಪಟ್ಟಿಯಿಂದ ಅಂಕ ಬರುವುದೂ ನಿಜ. ಆದರೆ ಪಟ್ಟಿ ಎಲ್ಲಿ ಕೈಕೊಡುತ್ತದೆ ನೋಡಿ. ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಕಟ್ಟೆಯ ಬಗ್ಗೆ ಒಬ್ಬ ‘ದ ಡ್ಯಾಮ್ ಈಸ್ ಫುಲ್’ ಎನ್ನುತ್ತಾನೆ. ಪಟ್ಟಿಯ ಪ್ರಕಾರ ‘ಹೀ ಸೆಡ್ ದಟ್ ದ ಡ್ಯಾಮ್ ವಾಸ್ ಫುಲ್’. ಹೇಳಿದ ಸಂಜೆಯೇ, ಕಟ್ಟೆ ಇನ್ನೂ ತುಂಬಿರುವಾಗಲೇ ವರದಿ ಮಾಡಿದರೆ ‘ಈಸ್’ ಎಂದರೂ ಇಂಗ್ಲಿಷಿನಲ್ಲಿ ಸರಿ. ಮುಂದಿನ ಬೇಸಿಗೆಯಲ್ಲಿ, ನೀರು ಇಳಿದ ಮೇಲೆ ಹೇಳಿದರೆ ‘ವಾಸ್’ ಎನ್ನದೆ ವಿಧಿಯಿಲ್ಲ. ಪಟ್ಟಿ ಇದನ್ನು ತೀರ್ಮಾನಿಸಲಾರದು. ಯಾರು, ಯಾವಾಗ, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬ ಪ್ರಶ್ನೆ ತೀರ್ಮಾನಿಸುತ್ತದೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂಥ ನಿತ್ಯಸತ್ಯಕ್ಕೆ ಕಾಲ ಬದಲಿಸಬೇಡಿ ಎಂದು ಪುಸ್ತಕಗಳು ಕೊಡುವ ‘ಅಪವಾದ’ವೂ ಈ ಪ್ರಶ್ನೆಗೆ ಸಿಗುವ ಒಂದು ಉತ್ತರ, ಪ್ರತ್ಯೇಕವಾಗಿ ಬಾಯಿಪಾಠ ಮಾಡಬೇಕಾದ ಸೂತ್ರವಲ್ಲ. ದ್ವಿತೀಯ ಪಿಯುಸಿ ಪ್ರಶ್ನೆಪತ್ರಿಕೆಯಲ್ಲಿ ಇಬ್ಬರ ಸಂಭಾಷಣೆ ಕೊಟ್ಟು ವರದಿ ಮಾಡಿ ಎಂದು ಕೇಳುವುದು ಬಿಡಿ ವಾಕ್ಯ ಬದಲಿಸುವುದಕ್ಕಿಂತ ಮೇಲು, ಅಲ್ಲಿ ಮಾತಿಗೊಂದು ಸಂದರ್ಭವಾದರೂ ಇರುತ್ತದೆ.

ಇನ್ನೊಂದು ಆಕ್ಷೇಪಣೆ ಎರಡು ದಿಕ್ಕಿನಿಂದ ಬರುತ್ತದೆ. ಇಂಗ್ಲಿಷ್ ತರಗತಿಗೆ ಕನ್ನಡ ತಂದರೆ ಇಂಗ್ಲಿಷ್ ಸೊರಗುತ್ತದೆ ಎಂದು ಕೆಲವರು ಹೇಳುತ್ತಾರೆ. ವ್ಯಾಕರಣದ ವಿವರಣೆಯೇ ಬೇಡ, ಬಳಕೆಯಿಂದ ಭಾಷೆ ತಾನಾಗಿ ಬರುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡನೆಯ ವಾದಕ್ಕೆ ಕರ್ನಾಟಕದಲ್ಲೇ ಗಟ್ಟಿ ಪ್ರಯೋಗದ ಬೆಂಬಲವಿದೆ. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ನಡೆದ, ‘ಬೆಂಗಳೂರು ಯೋಜನೆ’ ಎಂದೇ ಹೊರದೇಶಗಳಲ್ಲಿ ಹೆಸರಾದ ಪ್ರಯೋಗದಲ್ಲಿ ಮಕ್ಕಳು ವ್ಯಾಕರಣದ ಅಭ್ಯಾಸ ಬಿಟ್ಟು ನಕ್ಷೆ, ರೈಲು ವೇಳಾಪಟ್ಟಿಗಳಂಥ ಕೆಲಸಗಳ ಮೂಲಕ ಇಂಗ್ಲಿಷ್ ಕಲಿತರು. ಅರ್ಥದ ಮೇಲೆ ಗಮನವಿದ್ದಾಗ ರೂಪ ಹಿಂಬಾಲಿಸುತ್ತದೆ ಎಂಬ ಅದರ ತಿಳಿವಳಿಕೆ ಬೆಲೆಯುಳ್ಳದ್ದು. ಒಬ್ಬರು ಹೇಳಿದ್ದನ್ನು ಮೂರನೆಯವರಿಗೆ ಮುಟ್ಟಿಸುವುದಕ್ಕಿಂತ ಸಹಜವಾದ ಕೆಲಸ ತರಗತಿಯಲ್ಲಿ ಯಾವುದಿದೆ? ಆದರೆ ಇಂಗ್ಲಿಷ್ ಕಿವಿಗೆ ಬೀಳುವುದೇ ಅಪರೂಪವಾದ ಊರಿನಲ್ಲಿ ಬಳಕೆಯೊಂದನ್ನೇ ನಂಬಿ ಕೂರಲಾಗದು. ವ್ಯತ್ಯಾಸ ಇರುವ ಆ ಒಂದು ಜಾಗವನ್ನು ಬೆರಳಿಟ್ಟು ತೋರಿಸಿದರೆ ದಾರಿ ಹತ್ತಿರವಾಗುತ್ತದೆ. ಕನ್ನಡ ತಂದರೆ ಇಂಗ್ಲಿಷ್ ಸೊರಗುತ್ತದೆ ಎಂಬ ಭಯಕ್ಕೆ ಈ ಸೀಮೆಯ ಇಬ್ಬರನ್ನು ನೆನೆಯಬೇಕು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ, ಶ್ರೀರಂಗಪಟ್ಟಣದಲ್ಲಿ ಬಾಲ್ಯ ಕಳೆದ ಬಿ.ಎಂ. ಶ್ರೀಕಂಠಯ್ಯ ಒಬ್ಬರು, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾವ್ ಇನ್ನೊಬ್ಬರು. ಇಬ್ಬರೂ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು, ಇಬ್ಬರೂ ಇಂಗ್ಲಿಷಿನಿಂದ ಕನ್ನಡಕ್ಕೆ ಕೃತಿಗಳನ್ನು ತಂದರು. ಇಬ್ಬರು ಪ್ರತಿಭಾವಂತರಿಂದ ಲಕ್ಷಾಂತರ ಮಕ್ಕಳ ಬಗ್ಗೆ ತೀರ್ಮಾನಕ್ಕೆ ಬರಲಾಗದು, ಒಪ್ಪಿದೆ. ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡುವ ಅಭ್ಯಾಸ ಇಂಗ್ಲಿಷನ್ನು ಕೆಡಿಸುವುದಿಲ್ಲ ಎಂಬಷ್ಟನ್ನು ಅವರಿಂದ ತಿಳಿಯಬಹುದು.

ಹೋಲಿಕೆ ಕಾಲಕ್ಕೆ ಮಾತ್ರ ನಿಲ್ಲುವುದಿಲ್ಲ. ಆಜ್ಞೆಯ ವಾಕ್ಯಕ್ಕೆ ‘ಆರ್ಡರ್ಡ್’, ಬೇಡಿಕೆಗೆ ‘ರಿಕ್ವೆಸ್ಟೆಡ್’ ಎಂದು ಪುಸ್ತಕ ಹೇಳುತ್ತದೆ. ಗುರುತಿಗೆ ‘ಪ್ಲೀಸ್’ ಇದೆಯೇ ನೋಡಿ ಎನ್ನುತ್ತದೆ. ಮಂಡ್ಯದ ಕನ್ನಡದಲ್ಲಿ ‘ಪ್ಲೀಸ್’ ಇಲ್ಲ. ‘ಬನ್ನಿ’, ‘ಬಾ’, ‘ಬಾರಪ್ಪ’, ‘ಬಾರ್ಲಾ’ ಎಂಬ ರೂಪಗಳಲ್ಲೇ ಮರ್ಯಾದೆ, ಸಲಿಗೆ, ಅಕ್ಕರೆ ಎಲ್ಲವೂ ಸೇರಿರುತ್ತದೆ. ‘ಬಾರ್ಲಾ ಇಲ್ಲಿ, ಕಾಫಿ ಕುಡಿಯಾನ’ ಎಂದು ಗೆಳೆಯ ಕರೆದದ್ದನ್ನು ‘ಹೀ ಆರ್ಡರ್ಡ್ ಮೀ’ ಎಂದು ಬರೆದರೆ ವ್ಯಾಕರಣ ಸರಿಯಿದ್ದು ವರದಿ ಸುಳ್ಳಾಗುತ್ತದೆ. ಅಲ್ಲಿ ಬೇಕಾದ್ದು ‘ಇನ್ವೈಟೆಡ್’. ಅದೇ ‘ಬಾರ್ಲಾ’ ಜಗಳದಲ್ಲಿ ಬಂದರೆ ‘ಚಾಲೆಂಜ್ಡ್’. ಕನ್ನಡದ ಕ್ರಿಯಾರೂಪ ಹೊತ್ತ ಭಾವವನ್ನು ಇಂಗ್ಲಿಷಿನಲ್ಲಿ ವರದಿಯ ಕ್ರಿಯಾಪದ ಹೊರಬೇಕು. ಅದನ್ನು ಆರಿಸುವ ತಿಳಿವು ಮಗುವಿಗೆ ಮನೆಮಾತಿನಿಂದಲೇ ಬಂದಿದೆ. ಉತ್ತರಪತ್ರಿಕೆ ತಿದ್ದುವ ಮಾದರಿಯಲ್ಲಿ ಒಂದೇ ಕ್ರಿಯಾಪದವನ್ನು ಸರಿಯೆಂದು ಗೊತ್ತುಪಡಿಸಿದ ಕಡೆಯೆಲ್ಲ ಆ ತಿಳಿವಿಗೆ ಅಂಕವಿಲ್ಲ.